ಹುಚ್ಚೆಳ್ಳು ಬೆರೆಯದ ರಾಗಿ

12 ಅಕ್ಟೋಬರ್ 1981, ಸೋಮವಾರ

ಇವತ್ತು ಕೊಟ್ಟಿಗೆ ಬಾಗಿಲ ತನಕ ಯಾರ ಕೈಯನ್ನೂ ಹಿಡಿಯದೆ ನಡೆದೆ. ಜ್ವರ ಬಿಟ್ಟು ಬಹಳ ದಿನವಾಯಿತು, ಬಾಯಿ ಮಾತ್ರ ಇನ್ನೂ ಕಹಿ. ಅದು ಜ್ವರದ ಕಹಿಯಲ್ಲ, ಮೊದಲಿಂದಲೂ ಇದ್ದದ್ದು ಅಂತ ಸೊಸೆ ಚನ್ನಮಲ್ಲಮ್ಮ ಒಳಗೆ ಮಗಳಿಗೆ ಹೇಳುತ್ತಿದ್ದಳು. ಕಿವಿಗೆ ಜ್ವರ ಬಂದಿರಲಿಲ್ಲ, ಕೇಳಿಸಿತು.

ಸುಮ್ಮನೆ ಮಲಗಿದ್ದರೆ ಹುಚ್ಚು ಹಿಡಿಯುತ್ತದೆ ಅಂತ ಬರೆಯುವುದಕ್ಕೆ ಕೂತಿದ್ದೇನೆ. ನಮ್ಮಪ್ಪ ಜಗುಲಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿಸಿದ್ದ. ಆ ಅಕ್ಷರ ಇನ್ನೂ ಸತ್ತಿಲ್ಲ. ಈ ಡೈರಿ ಮಗ ಸಿದ್ದಮಲ್ಲಪ್ಪ ತಾಳವಾಡಿಯಿಂದ ತಂದದ್ದು, ಎರಡು ವರ್ಷ ಹಿಂದಿನದು. ವಾರ ತಾಳೆಯಾಗುವುದಿಲ್ಲ. ಅಚ್ಚಾದದ್ದನ್ನು ಹೊಡೆದುಹಾಕಿ ಮೇಲೆ ನನ್ನದು ಬರೆಯುತ್ತೇನೆ.

ಮಧ್ಯಾಹ್ನ ಸ್ವಲ್ಪ ರಾಗಿ ಕೇರಿದೆ. ಹೋದ ಸುಗ್ಗಿಯಲ್ಲಿ ನನ್ನ ಮಗ ಹುಚ್ಚೆಳ್ಳು ಬಡಿದ ಕಣವನ್ನು ಗುಡಿಸಿ ಸಾರಿಸದೆ ಅದರ ಮೇಲೇ ರಾಗಿ ಒಕ್ಕಿಸಿದ. ಅವತ್ತಿನಿಂದ ನಮ್ಮ ರಾಗಿ ತುಂಬ ಕರಿ ಕಾಳು. ಜರಡಿ ಹಿಡಿದರೂ ಉದ್ದುದ್ದ ನುಸುಳಿ ಬರುತ್ತದೆ. ಈ ತಿಗನಾರೆಯಲ್ಲಿ ಇನ್ನಾರ ಮನೆಯಲ್ಲೂ ಇಂಥ ರಾಗಿ ಇಲ್ಲ. ಕೇರುತ್ತಾ ಕೇರುತ್ತಾ ಅವನಿಗೆ ಬಯ್ದೆ. ಬಯ್ದ ಮೇಲೆ ಮೈ ಹಗುರವಾಯಿತು.

ಸಂಜೆ ಒಬ್ಬ ದಾಸಯ್ಯ ಬಂದಿದ್ದ. ಎರಡು ಬೊಗಸೆ ರಾಗಿ ದಾನ ಮಾಡಿದೆ. ಕರಿ ಕಾಳು ನೋಡಿ ಮೂತಿ ತಿರುಗಿಸಿದ. ದಾನಕ್ಕೆ ಬಂದವನಿಗೆ ಮೂತಿ ಬೇರೆ.

15 ಅಕ್ಟೋಬರ್, ಗುರುವಾರ

ಮೊಮ್ಮಗಳು ಶಕುಂತಲ ತಾಳವಾಡಿಯಲ್ಲಿ ಎಂಟನೇ ಕ್ಲಾಸು ಓದುತ್ತಾಳೆ. ದಾನದ ಮೇಲೆ ಒಂದು ಪುಟ ಪ್ರಬಂಧ ಬರೆದುಕೊಂಡು ಬರಬೇಕಂತೆ. ಮೇಷ್ಟ್ರಿಗೆ ಗೊತ್ತಿಲ್ಲದ್ದನ್ನೆಲ್ಲ ಮಕ್ಕಳ ಕೈಲಿ ಬರೆಸುತ್ತಾರೆ.

“ಅಜ್ಜಿ, ದಾನ ಅಂದ್ರ ಯಾನ?”

“ಇರೋರು ಇಲ್ದೋರ್ಗ ಕೊಡದು ಕಣಮ್ಮಿ. ಕೊಡೋ ಕೈ ಮ್ಯಾಲಿರ್ತದ, ಈಸ್ಕೊಳೋ ಕೈ ಕೆಳಗಿರ್ತದ. ಅಷ್ಟೇಯ.”

“ಅಂಗಾರ ಧರ್ಮ ಅಂದ್ರ?”

“ಬಸ್‌ಸ್ಟ್ಯಾಂಡ್ನಲ್ಲಿ ಕೂಗ್ತರಲ್ಲ, ಧರ್ಮ ಮಾಡಿ ತಾಯಿ ಅಂತ? ಅದೂ ಇದೇಯ. ತಮುಳ್ನೋರು ತರ್ಮ ಅಂತರ.”

“ಬಿಕ್ಸ?”

“ಅದು ಕೇಳೋರ ಮಾತು. ನಮ್ಗ್ಯಾಕ?”

ಹೇಳಿದ್ದನ್ನು ಹಾಗೇ ಬರೆದುಕೊಂಡಳು. ಈ ಮನೆಗೆ ಬಂದಾಗಿನಿಂದ ಎಷ್ಟು ಕೊಟ್ಟಿದ್ದೇನೆ ಅಂತಲೂ ಬರೆದುಕೋ ಅಂದೆ. ಒಂದೇ ಪುಟ ಕಣಜ್ಜಿ ಅಂದಳು.

ಕೊಟ್ಟರೂ ಬೇಡ ಅನ್ನುವ ಸೊಕ್ಕಿನವರೂ ಇದ್ದಾರೆ. ಕೆಳಗಿನ ಬೀದಿಯ ವಸಂತಮ್ಮ ಹೋದ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಮುಯ್ಯಾಳಾಗಿ ಬಂದಿದ್ದಳು. ಅವಳ ಗಂಡ ರಾಚಪ್ಪ ಹಾಸಿಗೆ ಹಿಡಿದಿದ್ದಾಗ ನಮ್ಮ ಆಳು ಬಿಳಿಗಿರಿ ಹೋಗಿ ಅವರ ಹೊಲ ಉತ್ತುಕೊಟ್ಟಿದ್ದ. ಕೆಲಸಕ್ಕೆ ಕೆಲಸ, ಅದೇ ಮುಯ್ಯಿ. ರಾಚಪ್ಪ ಉಳಿಯಲಿಲ್ಲ, ಇವಳು ಬಂದು ಮುಯ್ಯಿ ತೀರಿಸಿದಳು. ರಾಶಿ ಅಳೆದಾದ ಮೇಲೆ ಕಣದಲ್ಲಿ ಕೈಯಾಡಿಸಿದವರಿಗೆಲ್ಲ ಒಂದೊಂದು ಮೊರ ರಾಗಿ ಸುರಿಯುವುದು ನಮ್ಮ ಕಡೆ ವಾಡಿಕೆ. ಅದಕ್ಕೆ ಕಣದ ಮೊರ ಅಂತ ಹೆಸರು. ರಾಶಿಯ ಮುಂದೆ ಮಾತಾಡಬಾರದು, ಮಾತಾಡದೆ ಸುರಿಯಬೇಕು. ನಾನು ಒಂದು ಮಾತು ಆಡಿದೆ. “ಗಂಡ ಇಲ್ದೋಳು, ದಾನ ಅಂತ ಈಸ್ಕೊ, ಮಕ್ಕಳ್ಗಾಯ್ತದ” ಅಂದೆ. ಅದರಲ್ಲಿ ತಪ್ಪೇನಿದೆ? ಅವಳು ಮೊರವನ್ನು ರಾಶಿಯ ಮೇಲೆ ಬೋರಲು ಹಾಕಿ, ತಳ ತಟ್ಟಿ, ಸೆರಗು ಕೊಡವಿಕೊಂಡು ಹೊರಟೇಹೋದಳು. ಕಣದ ತುಂಬ ಜನ ನೋಡುತ್ತಿದ್ದರು. ಅವತ್ತಿನಿಂದ ನನ್ನನ್ನು ಕಂಡರೆ ಬೀದಿಯ ಆ ಕಡೆಗೆ ದಾಟುತ್ತಾಳೆ. ದಾಟಲಿ. ಬೀದಿ ಅಗಲವಾಗಿದೆ.

18 ಅಕ್ಟೋಬರ್, ಭಾನುವಾರ

ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ನನಗೆ ಮಾಡಿದ ಕೆಲಸ ಇಲ್ಲಿ ಬರೆದಿಡುತ್ತೇನೆ.

ಉಂಡು ಕೈ ತೊಳೆದು ಬಂದು ಪಕ್ಕದಲ್ಲಿ ಕೂತ. ಅವನು ಪಕ್ಕದಲ್ಲಿ ಕೂತಾಗಲೇ ನನಗೆ ಅನುಮಾನ.

“ಅವ್ವ, ಒಂದ್ ಮಾತು. ಬಯ್ಯಬಾರ್ದು.”

“ಬಯ್ಯೋ ಮಾತಾದ್ರ ಬಯ್ದೇ ಬಯ್ತಿನಿ. ಏಳ್ಲಾ.”

“ನಿಂಗ ಜರ ಏರಿ ಗ್ಯಾನ ತಪ್ಪಿತ್ತಲ್ಲ, ಆಗ ಮಾದಪ್ಪನ್ಗ ಅರಕ ಕಟ್ಕಂಡೆ. ಅವ್ವ ಎದ್ದು ಓಡಾಡಿದ್ರ ಬೇಡಿ ತಂದು ಪರ ಮಾಡ್ತೀವಿ ಅಂತ.”

“ಮಾಡು. ಜೋಳ್ಗ ತಕ್ಕಂಡು ಓಗು. ಬ್ಯಾಡ ಅಂದೋರ್ಯಾರು?”

“ನಾನಲ್ಲ ಕಣವ್ವ. ನೀನೇ ಬೇಡ್ತೀಯ ಅಂತ ಅಂದ್ಬುಟ್ಟೆ.”

ಪರ ಅಂದರೆ ಮಾದಪ್ಪನ ಹೆಸರಲ್ಲಿ ಮನೆಮನೆ ಬೇಡಿ ತಂದ ಕಾಳಿನಲ್ಲಿ ಅಡುಗೆ ಮಾಡಿ ಜನಕ್ಕೆ ಇಕ್ಕುವುದು. ದೊಡ್ಡ ದೊಡ್ಡ ಮನೆಯವರೂ ಮಾಡಿದ್ದಾರೆ, ಗೊತ್ತು. ಅವರು ಮಾಡಲಿ.

“ನಿನ್ ಕೈಗ ಯಾನಾಗಿತ್ಲಾ? ನನ್ ಕೈ ಯಾಕ್ಲಾ ಅರಕ ಕೊಟ್ಟೆ?”

“ನೀನು ಉಳೀಬೇಕಾಗಿತ್ತು ಕಣವ್ವ” ಅಂದ. ಐವತ್ತರ ಹತ್ತಿರದ ಗಂಡಸು, ಮೀಸೆ ನರೆತಿದೆ, ಕಣ್ಣಲ್ಲಿ ನೀರು ಹಾಕಿಕೊಂಡ. ಬಯ್ಯುವುದಕ್ಕೂ ಆಗಲಿಲ್ಲ. ಹೋಗಿ ದನಕ್ಕೆ ಹುಲ್ಲು ಹಾಕು ಅಂದೆ.

20 ಅಕ್ಟೋಬರ್, ಮಂಗಳವಾರ

ಮಾದಪ್ಪನ ಪೂಜೆ ಮಾಡುವ ತಮ್ಮಡಿ ಗುರುಸ್ವಾಮಿಯನ್ನು ಕರೆಸಿ ಕೇಳಿದೆ. ಬೇಡುವುದೊಂದು ಬಿಟ್ಟು ಏನು ಬೇಕಾದರೂ ಮಾಡುತ್ತೇನೆ, ಗುಡಿಗೆ ದೊಡ್ಡ ಗಂಟೆ ಕೊಡಿಸಲಾ? ನಮ್ಮ ರಾಗಿಯಲ್ಲೇ ಊರಿಗೆಲ್ಲ ಊಟ ಹಾಕಿಸಲಾ?

“ಆಕ್ಸಿ, ಒಳ್ಳೇದೇಯ. ಆದ್ರ ಅದು ದಾನ ಆಯ್ತದ ಕಣವ್ವ, ಅರಕ ತೀರಲ್ಲ” ಅಂದ.

ಕಾಫಿ ಕುಡಿದು ನೇಮ ಹೇಳಿದ. ಕಾರ್ತಿಕದ ಸೋಮವಾರ ಹೊರಡಬೇಕು. ನೆಂಟರ ಮನೆ ಆಗದು. ಹಿಡಿದ ಬೀದಿಯಲ್ಲಿ ಒಂದು ಬಾಗಿಲೂ ಬಿಡಬಾರದು. ಉಪ್ಪು, ನೀರು, ಸೌದೆ ಬಿಟ್ಟು ನಮ್ಮ ಮನೆಯದು ಏನೂ ಬೆರೆಯಬಾರದು. ಬಾಗಿಲಲ್ಲಿ ನಿಂತು ಬಾಯಲ್ಲಿ ಕೇಳಬೇಕು.

“ಬೆರೆತ್ರ?”

“ಬೇಡ್ದಂಗಾಗಲ್ಲ. ಅರಕ ಅಂಗೇ ಉಳೀತದ. ನಿಮ್ಮ ಜರ ಇಳ್ಸಿರೋನು ಅವ್ನು.”

ಹೆದರಿಸುವುದಕ್ಕೆ ಇವರಿಗೆ ಹೇಳಿಕೊಡಬೇಕಾ? ಮೇಲಿನ ಬೀದಿಯೆಲ್ಲ ನೆಂಟರೇ. ಉಳಿದದ್ದು ಕೆಳಗಿನ ಬೀದಿ. ಆ ಬೀದಿಯ ಕೊನೆಯ ಬಾಗಿಲು ಯಾರದು ಅಂತ ಬರೆಯುವುದು ಬೇಡ.

22 ಅಕ್ಟೋಬರ್, ಗುರುವಾರ

ತಾಳವಾಡಿ ಆಸ್ಪತ್ರೆಗೆ ಹೋಗಿ ಬಂದೆ. ರಕ್ತ ಕಮ್ಮಿ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಯಾವಾಗಲೂ ಕೂರುವ ಕಣ್ಣಿಲ್ಲದ ಮುದುಕ, ಸತ್ಯಮಂಗಲದ ಬಸ್ಸು ಬಂದರೆ ತಮಿಳಿನಲ್ಲಿ, ಚಾಮರಾಜನಗರದ ಬಸ್ಸು ಬಂದರೆ ಕನ್ನಡದಲ್ಲಿ ಕೂಗುತ್ತಾನೆ. ನಾಲ್ಕಾಣೆ ದಾನ ಮಾಡಿದೆ. ತಡವಿ ನೋಡಿ ಮಡಿಲಿಗೆ ಹಾಕಿಕೊಂಡ. ಒಳ್ಳೇದಾಗಲಿ ಅನ್ನಲಿಲ್ಲ. “ಬಾಯಿ ಬಿದ್ದೋಗದಾ?” ಅಂತ ಕೇಳಿದೆ. ಬಾಯಿದ್ದದ್ದಕ್ಕೇ ಕೂಗಿದ್ದು ತಾಯಿ ಅಂದ. ಪಕ್ಕದಲ್ಲಿದ್ದವರು ನಕ್ಕರು.

1 ನವೆಂಬರ್, ಭಾನುವಾರ

ಹಬ್ಬ ಕಳೆಯಿತು. ನಾಳೆ ಸೋಮವಾರ. ಜೋಳಿಗೆ ಒಗೆದು ಒಣಹಾಕಿದ್ದಾರೆ. ಹಿತ್ತಲ ಹಗ್ಗದ ಮೇಲೆ ನೇತಾಡುತ್ತಿದೆ. ಆ ಕಡೆ ಹೋಗಲಿಲ್ಲ.

2 ನವೆಂಬರ್, ಸೋಮವಾರ

ಹೋಗಿ ಬಂದೆ. ನಾನು ಹೆದರಿದ್ದೇ ದಂಡ.

ಸ್ನಾನ ಮಾಡಿ, ವಿಭೂತಿ ಹಚ್ಚಿ, ಜೋಳಿಗೆ ಹೆಗಲಿಗೆ ಹಾಕಿಕೊಂಡು ಕೆಳಗಿನ ಬೀದಿಗೆ ಇಳಿದೆ. ಮೊದಲ ಬಾಗಿಲು ದೊಡ್ಡತಾಯಮ್ಮನದು. ನಾನು ಹೋಗುವುದಕ್ಕೆ ಮೊದಲೇ ಮೊರದಲ್ಲಿ ರಾಗಿ ಹಿಡಿದು ನಿಂತಿದ್ದಳು. ಬಾಯಿ ತೆರೆಯುವುದಕ್ಕೂ ಬಿಡದೆ ಸುರಿದಳು. ಆಮೇಲಿನ ವೆಂಕಟಮ್ಮನೂ ಹಾಗೇ. ಬೀದಿಗೆ ಬೀದಿಯೇ ಮೊರ ಹಿಡಿದು ನಿಂತಿತ್ತು. ಒಂದು ಬಾಗಿಲಲ್ಲೂ ಕೇಳಬೇಕಾಗಿ ಬರಲಿಲ್ಲ. ಇಷ್ಟು ವರ್ಷ ದಾನ ಮಾಡಿದ ಕೈ ಯಾವುದು ಅಂತ ಊರಿಗೆ ಗೊತ್ತಿದೆ. ಜೋಳಿಗೆ ತುಂಬಿ, ಬಿಳಿಗಿರಿ ಹೊತ್ತ ಚೀಲವೂ ತುಂಬಿತು.

ಕೊನೆಯ ಬಾಗಿಲು ಮುಚ್ಚಿತ್ತು. ಚಿಲಕ ಬಡಿದೆ. ವಸಂತಮ್ಮ ಬಂದು ಹೊಸ್ತಿಲ ಒಳಗೇ ನಿಂತಳು. ಕೈಯಲ್ಲಿ ಮೊರವಿಲ್ಲ, ಏನೂ ಇಲ್ಲ.

“ಯಾನಾಗ್ಬೇಕಿತ್ತು ದೊಡ್ಡವ್ವ?”

ಹೆಗಲಲ್ಲಿ ಜೋಳಿಗೆ ಇದೆ, ಹಣೆಯಲ್ಲಿ ವಿಭೂತಿ ಇದೆ, ಊರಿಗೆಲ್ಲ ಗೊತ್ತಿದೆ. ಇವಳಿಗೆ ಗೊತ್ತಿಲ್ಲವಂತೆ. ನಾನೂ ಸುಮ್ಮನೆ ನಿಂತೆ. ಅವಳೂ ನಿಂತಳು. ಒಂದು ಕೋಳಿ ನಮ್ಮಿಬ್ಬರ ನಡುವೆ ಹೊಸ್ತಿಲು ದಾಟಿ ಹೋಯಿತು. ಬಿಳಿಗಿರಿ ಹಿಂದೆ ಕೆಮ್ಮಿದ.

“ಮಾದಪ್ಪನ ಎಸ್ರಲ್ಲಿ ಬಿಕ್ಸ ನೀಡವ್ವ” ಅಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಒಳಗೆ ಹೋಗಿ ಒಂದು ಬಟ್ಟಲು ತಂದಳು. ಜೋಳಿಗೆಯಲ್ಲಿ ಜಾಗವಿರಲಿಲ್ಲ, ಸೆರಗು ಒಡ್ಡಬೇಕಾಯಿತು. ಒಂದು ಬಟ್ಟಲು! ಬೀದಿಗೆ ಬೀದಿಯೇ ಮೊರ ಮೊರ ಸುರಿದಿದೆ, ಇವಳದು ಒಂದು ಬಟ್ಟಲು, ಅದಕ್ಕೂ ನನ್ನ ಕೈಲಿ ಹೇಳಿಸಿದಳು. ಸೆರಗಿನ ಗಂಟು ಹಾಗೇ ಬಿಚ್ಚಿ ಬೇರೆ ಮೊರದಲ್ಲಿಟ್ಟಿದ್ದೇನೆ. ಅದರ ಮೋರೆ ನೋಡುವ ಮನಸ್ಸಿಲ್ಲ.

3 ನವೆಂಬರ್, ಮಂಗಳವಾರ

ಬೆಳಿಗ್ಗೆ ಜಗುಲಿಯ ಮೇಲೆ ಜೋಳಿಗೆ, ಚೀಲ ಎರಡನ್ನೂ ಸುರಿದು ಕೇರಲು ಕೂತೆ. ಎರಡನೇ ಮೊರಕ್ಕೆ ಕೈ ನಿಂತಿತು.

ಕರಿ ಕಾಳು. ದೊಡ್ಡತಾಯಮ್ಮ, ವೆಂಕಟಮ್ಮ ಸುರಿದ ಜೋಳಿಗೆಯ ರಾಗಿಯಲ್ಲಿ ಹುಚ್ಚೆಳ್ಳು. ಚೀಲ ಪೂರಾ ಹುಚ್ಚೆಳ್ಳು.

ಬಿಳಿಗಿರಿಯನ್ನು ಕರೆದೆ. ಅವನು ಮಗನ ಕಡೆ ನೋಡಿದ. ಮಗ ಕಂಬದ ಕಡೆ ನೋಡಿದ.

“ಯಾರ್ದ್ಲಾ ಈ ರಾಗಿ?”

“ನಮ್ದೇ ಕಣವ್ವ” ಅಂದ ಸಿದ್ದಮಲ್ಲಪ್ಪ. “ಬಾನುವಾರ ನಾನೇ ಬಿಳಿಗಿರಿ ಕೈಲಿ ಮನಮನಗೂ ಒಂದೊಂದ್ ಮೊರ ಕಳ್ಸಿದ್ದಿ. ಅವ್ವ ಬಂದ ತಕ್ಸಣ ಸುರ್ದ್ಬುಡಿ, ಕೇಳಗಂಟ ನಿಲ್ಲಿಸ್ಬ್ಯಾಡಿ ಅಂತ ಏಳ್ಸಿದ್ದಿ. ನಿಂಗ ಅವಮಾನ ಆಗ್ಬಾರ್ದು ಅಂತ.”

ನನ್ನ ರಾಗಿಯನ್ನೇ ನನಗೆ ಬೇಡಿಸಿದ್ದಾನೆ! ಮರ್ಯಾದೆ ಅಂದುಕೊಂಡು ನಾನು ತಲೆಯೆತ್ತಿಕೊಂಡು ಬೀದಿ ನಡೆದೆ. ಒಂದು ಬೀದಿಯ ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಾಟಕ ಆಡಿದ್ದಾರೆ. ಇವತ್ತು ಬಾವಿಕಟ್ಟೆಯಲ್ಲಿ ಎಷ್ಟು ನಗು ಇರಬೇಡ.

ಬಯ್ಗುಳ ಮುಗಿಯುವ ಹೊತ್ತಿಗೆ ಬೇರೆ ಮೊರದಲ್ಲಿಟ್ಟಿದ್ದ ರಾಗಿ ಕಣ್ಣಿಗೆ ಬಿತ್ತು. ಕೆಂಪಗೆ, ತುಂಬಿದ ಕಾಳು. ಬೆರಳಿನಿಂದ ಹರಡಿ ನೋಡಿದೆ. ಒಂದೂ ಕರಿ ಕಾಳಿಲ್ಲ.

“ವಸಂತಮ್ಮನ್ಗ ಕಳ್ಸಿರ್ನಿಲ್ವಾ?” ಅಂತ ಬಿಳಿಗಿರಿಯನ್ನು ಕೇಳಿದೆ.

“ಕಳ್ಸಿದ್ರು ಕಣವ್ವ. ಆಯಮ್ಮ ಈಸ್ಕೊಂಡ್ನಿಲ್ಲ.”

“ಯಾನಂದ್ಳು?”

ಅವನು ಕಾಲಿನಿಂದ ನೆಲ ಕೆರೆದ. “ಕೇಳ್ಕಂಡು ಬಂದ್ರ ನಂದು ನೀಡ್ತಿನಿ. ಅವ್ರ್ದು ಅವ್ರ ವಾಡದಲ್ಲೇ ಇರ್ಲಿ ಅಂದ್ರು.”

ಎಲ್ಲವನ್ನೂ ಕಾಳು ತುಂಬುವ ನಮ್ಮ ವಾಡೆಗೇ ಸುರಿಸಿದೆ. ಹರಕೆಗೆ ಅಂತ ಉಳಿದದ್ದು ಒಂದು ಬಟ್ಟಲು.

5 ನವೆಂಬರ್, ಗುರುವಾರ

ಮಗ ಹೇಳುತ್ತಾನೆ, ಒಂದು ಬಟ್ಟಲಾದರೂ ಬೇಡಿದ್ದು ಬೇಡಿದ್ದೇ ಅಲ್ಲವಾ, ಅಷ್ಟರಲ್ಲೇ ಗಂಜಿ ಮಾಡಿ ಮಾದಪ್ಪನಿಗೆ ಎಡೆ ಇಟ್ಟು ಮುಗಿಸೋಣ, ತಮ್ಮಡಿಗೆ ಯಾರು ಹೇಳುತ್ತಾರೆ. ನಾನು ಹೇಳುತ್ತೇನೆ ಅಂದೆ.

ಮತ್ತೆ ಸೋಮವಾರ ಹೋಗುತ್ತೇನೆ. ಈ ಸಲ ಯಾರ ಮನೆಗಾದರೂ ಒಂದು ಕಾಳು ಮುಂಚೆ ಹೋದರೆ ಅವತ್ತೇ ಗೆಟ್ಟವಾಡಿಯ ತಂಗಿ ಮನೆಗೆ ಹೊರಟುಹೋಗುತ್ತೇನೆ ಅಂತಲೂ ಹೇಳಿದೆ. ಸೊಸೆಯ ಮುಖದಲ್ಲಿ ಒಂದು ಗಳಿಗೆ ಆಸೆ ಕಂಡಿತು.

9 ನವೆಂಬರ್, ಸೋಮವಾರ

ಕಾಲು ನೋಯುತ್ತಿದೆ, ಆದರೂ ಬರೆಯುತ್ತೇನೆ.

ದೊಡ್ಡತಾಯಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಯಾನ ದೊಡ್ಡವ್ವ, ಓದ್ಸೋಮಾರ ತಾನೇ ಸುರ್ದೆ?”

“ಅದು ನಂದೇಯ. ಈಗ ನಿಂದು ನೀಡು.”

“ನಂದು ಬೇಕಂದ್ರ ಸರ್ಯಾಗಿ ಕೇಳ್ಬೇಕು” ಅಂತ ನಕ್ಕಳು.

ಕೇಳಿದೆ. ನಗು ನಿಲ್ಲಿಸಿ ಎದ್ದು ಒಳಗೆ ಹೋಗಿ ಒಂದು ಸೇರು ರಾಗಿ, ಮೇಲೆ ಎರಡು ಬೊಗಸೆ ಅವರೆಕಾಯಿ ತಂದಳು. ಜೋಳಿಗೆಗೆ ಹಾಕುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹೋದ ವಾರ ಎಳೆದುಕೊಂಡಿರಲಿಲ್ಲ.

ವೆಂಕಟಮ್ಮನ ಬಾಗಿಲಲ್ಲಿ ಕೂಗಿದೆ. ಒಲೆ ಮುಂದೆ ಕೂತವಳು ತಿರುಗಿಯೂ ನೋಡದೆ “ಮುಂದ್ಕೋಗವ್ವ!” ಅಂದಳು. ನಾನು ದಿನಾ ಹೇಳುವ ಮಾತೇ. ಈಚೆ ನಿಂತವರಿಗೆ ಇಷ್ಟು ಗಟ್ಟಿಯಾಗಿ ಕೇಳಿಸುತ್ತದೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಸಲ ಕೂಗಿದೆ. ಓಡಿ ಬಂದು ನೋಡಿ ನಾಲಿಗೆ ಕಚ್ಚಿಕೊಂಡಳು. ಪಾಪ, ಕೊಟ್ಟದ್ದು ಹುರುಳಿ. ಅವರ ಮನೆಯಲ್ಲಿ ರಾಗಿ ಮುಗಿದಿತ್ತಂತೆ. ಹೋದ ಸೋಮವಾರ ನಮ್ಮ ರಾಗಿ ಪೂರಾ ಸುರಿದಿದ್ದಳು, ಒಂದು ಹಿಡಿಯನ್ನೂ ಇಟ್ಟುಕೊಳ್ಳದೆ.

ಒಬ್ಬರು ಜೋಳ, ಒಬ್ಬರು ಒಣಮೆಣಸಿನಕಾಯಿ. ಒಬ್ಬಳು ಬಾಣಂತಿ ಮಲಗಿದ್ದಲ್ಲಿಂದಲೇ ಅತ್ತೆಗೆ “ನನ್ ಕೈಲಿ ಮುಟ್ಟಿಸ್ಕೊಂಡು ನೀಡತ್ತ” ಅಂದಳು. ಎಲ್ಲ ಬಾಗಿಲಲ್ಲೂ ಹೇಳಿ ಹೇಳಿ, ಕೊನೆಕೊನೆಗೆ ಮಾತು ತಾನೇ ಬರುತ್ತಿತ್ತು.

ವಸಂತಮ್ಮನ ಬಾಗಿಲು ಇವತ್ತು ತೆರೆದಿತ್ತು.

“ನಾನು ಆಗ್ಲೇ ನೀಡಿವ್ನಲ್ಲ ದೊಡ್ಡವ್ವ.”

“ಅದು ಅದ. ಬಾಗ್ಲು ಬುಡಂಗಿಲ್ಲವಂತ, ಅದ್ಕ ನಾ ಬಂದಿ.”

“ಅಂಗಾರ ಕೇಳಿ.”

ಕೇಳಿದೆ. ಒಂದು ಬೆಲ್ಲದಚ್ಚು ತಂದು ಹಾಕಿದಳು. “ಪಾಯ್ಸಕ್ಕ” ಅಂದಳು. ಕುಡಿಯುವುದಕ್ಕೆ ನೀರನ್ನೂ ಕೊಟ್ಟಳು. ಹೊಸ್ತಿಲ ಮೇಲೆ ಕೂತು ಕುಡಿದೆ. ಸೊಕ್ಕು ಹಾಗೇ ಇದೆ ಅವಳದು.

16 ನವೆಂಬರ್, ಸೋಮವಾರ

ಪರ ಆಯಿತು. ಮಾದಪ್ಪನ ಗುಡಿ ಮುಂದೆ ಒಲೆ ಹೂಡಿ ರಾಗಿ ಮುದ್ದೆ, ಅವರೆ ಹುರುಳಿ ಬೆರೆಸಿದ ಸಾರು, ಜೋಳದ ನುಚ್ಚಿನ ಪಾಯಸ. ಎಲ್ಲರ ಮನೆಯದೂ ಒಂದೇ ಪಾತ್ರೆಯಲ್ಲಿ ಕುದಿಯಿತು. ಸಾರಿಗೆ ರುಚಿ ಬಂದಿತ್ತು, ಸೊಸೆಯ ಕೈಗೆ ಅಷ್ಟು ಬರುವುದಿಲ್ಲ.

ಇಕ್ಕುವುದು ನಾನೇ ಅಂತ ಹಟ ಹಿಡಿದು ಇಕ್ಕಿದೆ. ಪಂಕ್ತಿಯ ಕೊನೆಯಲ್ಲಿ ವಸಂತಮ್ಮ ಮಕ್ಕಳ ಜೊತೆ ಕೂತಿದ್ದಳು. ಬರುತ್ತಾಳೆ ಅಂದುಕೊಂಡಿರಲಿಲ್ಲ. ಮುದ್ದೆ ಇಟ್ಟು ಮುಂದೆ ಹೋದೆ. ಹಿಂದಿನಿಂದ ಕೂಗಿದಳು.

“ದೊಡ್ಡವ್ವ, ಇನ್ನೊಂದ್ ಮುದ್ದ ಇಕ್ಕಿ!”

ಪಂಕ್ತಿಗೆಲ್ಲ ಕೇಳಿಸುವ ಹಾಗೆ. ತಿರುಗಿ ಹೋಗಿ ಇಕ್ಕಿದೆ, ಮೇಲೆ ಎರಡು ಸೌಟು ಸಾರು. “ಸಾಕು ಸಾಕು, ಎಲೆ ದಾಟ್ತದ” ಅಂದಳು. ದಾಟಲಿ ಅಂದೆ.

ಮನೆಯವರು ಕೊನೆಗೆ ಉಣ್ಣಬೇಕು. ನಮಗೆ ಪಾತ್ರೆಯ ತಳ ಕೆರೆದದ್ದು. ಸಿದ್ದಮಲ್ಲಪ್ಪ ಬೆರಳು ನೆಕ್ಕುತ್ತಾ ಇನ್ನೂ ಅದಾ ಅಂದ. ಇಲ್ಲ, ಬೇಕಾದರೆ ಬೇಡಿಕೊಂಡು ಬಾ ಅಂದೆ. ತಮ್ಮಡಿ ಹರಕೆ ತೀರಿತು ಅಂದ.

4 ಡಿಸೆಂಬರ್, ಶುಕ್ರವಾರ

ರಾಗಿ ಕೊಯ್ಲು. ಹಂದಿ ತಿಂದು ಉಳಿದದ್ದು ಮೆದೆಗೆ ಬರುತ್ತಿದೆ. ಬರೆಯಲು ಪುರುಸೊತ್ತಿಲ್ಲ.

ಶಕುಂತಲ ಪ್ರಬಂಧ ತೋರಿಸಿದಳು. ಮೇಷ್ಟ್ರು ಹತ್ತಕ್ಕೆ ಏಳು ಹಾಕಿದ್ದಾರೆ. ಕನ್ನಡಕ ಹಾಕಿಕೊಂಡು ಓದಿದೆ. ಏಳು ಜಾಸ್ತಿಯಾಯಿತು ಅಂದೆ.

“ನೀನೇ ಏಳ್ಕೊಟ್ಟದ್ದಲ್ವಾ ಅಜ್ಜಿ?”

“ಓಗಿ ಕರ ಕಟ್ಟೋಗಮ್ಮಿ” ಅಂದೆ.

17 ಡಿಸೆಂಬರ್, ಗುರುವಾರ

ತಾಳವಾಡಿಗೆ ಹೋಗಿ ಮಾತ್ರೆ ತಂದೆ. ಬಸ್ಸು ತಡ. ಕಣ್ಣಿಲ್ಲದ ಮುದುಕನ ಪಕ್ಕದ ಕಟ್ಟೆಗೆ ನೆರಳಿತ್ತು, ಅಲ್ಲೇ ಕೂತೆ. ಕಾಸು ಹಾಕಿದೆ. ಅವನೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಯಾವ ಬಸ್ಸು ಬಂತು ಅಂತ ಸದ್ದಿನಲ್ಲೇ ಹೇಳುತ್ತಾನೆ. ಓದುವ ಕಷ್ಟ ತಪ್ಪಿತು.

18 ಜನವರಿ 1982, ಸೋಮವಾರ

ನಮ್ಮ ಕಣ ಇನ್ನೂ ಎಂಟು ದಿನ. ಈ ಸಲ ನಾನೇ ನಿಂತು ಸಗಣಿಯಲ್ಲಿ ಸಾರಿಸಿದ್ದೇನೆ. ವಸಂತಮ್ಮನ ಕಣ ಗುರುವಾರವಂತೆ. ತೂರಲು ಆಳಿಲ್ಲ, ಅವಳು ಮತ್ತು ಇಬ್ಬರು ಮಕ್ಕಳು ಅಂತ ಬಿಳಿಗಿರಿ ಹೇಳಿದ. ನನಗ್ಯಾಕೆ ಹೇಳುತ್ತೀಯ ಅಂದೆ.

21 ಜನವರಿ, ಗುರುವಾರ

ಗಾಳಿ ಚೆನ್ನಾಗಿತ್ತು. ಹೊತ್ತು ಮೂಡುವಾಗಲೇ ನನ್ನ ಮೊರ ತೆಗೆದುಕೊಂಡು ಕೆಳಗಿನ ಹೊಲಕ್ಕೆ ಹೋದೆ. ಅವಳಿಗೆ ತೂರಲು ಸರಿಯಾಗಿ ಬರುವುದಿಲ್ಲ, ಗಾಳಿಗೆ ಅಡ್ಡ ನಿಲ್ಲುತ್ತಾಳೆ, ಅರ್ಧ ರಾಗಿ ಹೊಟ್ಟಿನ ಜೊತೆ ಹೋಗುತ್ತದೆ.

“ಯಾಕ ಬಂದ್ರಿ ದೊಡ್ಡವ್ವ, ಈ ವಯಸ್ಸಲ್ಲಿ?”

“ಮುಯ್ಯಾಳು. ಓದ್ ಸುಗ್ಗೀಲಿ ನೀ ಬಂದಿರ್ನಿಲ್ವಾ?”

“ಅದು ಬಿಳಿಗಿರಿ ಉತ್ತದ್ಕ ತೀರೋಯ್ತಲ್ಲ.”

“ಅಂಗಾರ ಇದು ಮುಂದಿಂದು. ಈ ಕಡ ನಿಂತ್ಕೊ, ಗಾಳಿ ಎಲ್ಲಿಂದ ಬತ್ತದ ಅಂತನೂ ಗೊತ್ತಿಲ್ವಾ ನಿಂಗ?”

ಹೊತ್ತು ಇಳಿಯುವ ತನಕ ತೂರಿದೆವು. ನಡುವೆ ಎರಡು ಸಲ ಕೂತೆ, ಅಷ್ಟೇ. ಚಿಕ್ಕ ರಾಶಿ. ಆದರೆ ಕಾಳು ಒಳ್ಳೆಯದು. ರಾಶಿಗೆ ಪೂಜೆ ಮಾಡಿ ಅಳೆಯಲು ಶುರು ಮಾಡಿದಳು. ಎಲ್ಲರೂ ಸುಮ್ಮನಾದೆವು. ಅಳೆದಾದ ಮೇಲೆ ನನ್ನ ಮೊರ ಎತ್ತಿಕೊಂಡು ತುಂಬಿಸಿ, ಎರಡು ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತಳು. ಏನೂ ಹೇಳಲಿಲ್ಲ.

ನನ್ನ ಬಾಯಲ್ಲಿ ಮಾತಿತ್ತು. ರಾಶಿಯ ಮುಂದೆ ಮಾತಾಡಬಾರದು. ಎರಡು ಕೈಯಲ್ಲೂ ಈಸಿಕೊಂಡೆ.

ಮನೆಗೆ ತಂದಾಗ ಸೊಸೆ ಯಾರ ರಾಗಿ ಅತ್ತಮ್ಮ ಅಂದಳು. ವಸಂತಮ್ಮ ಕೊಟ್ಟಳು ಅಂದೆ. ವಾಡೆಗೆ ಸುರಿಯಲು ಹೊರಟಳು, ಬೇಡ, ನಮ್ಮದರ ಜೊತೆ ಬೆರೆಸಬೇಡ ಅಂದೆ. ಒಂದೂ ಕರಿ ಕಾಳಿಲ್ಲ. ನಾಳೆ ಇದರಲ್ಲೇ ಮುದ್ದೆ.